ಕಾಲಿನಿಂದ ಒತ್ತುವ ಎಫ್4

ಉಪನ್ಯಾಸಗಳ ಧ್ವನಿಮುದ್ರಣ ಕೇಳಿ ಬೆರಳಚ್ಚು ಮಾಡಿಕೊಡುವುದು ಚಾಮರಾಜಪೇಟೆಯಲ್ಲಿರುವ ನಮ್ಮ ಅತ್ತಿಗೆಯವರ ಕೆಲಸ. ಅವರ ತಂತ್ರಾಂಶದಲ್ಲಿ ಕೀಲಿಮಣೆಯ ಎಫ್4 ಒತ್ತಿದರೆ ಧ್ವನಿ ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಮುಂದುವರಿಯುತ್ತದೆ. ವಾಕ್ಯವಾಕ್ಯಕ್ಕೂ ಕೈಯನ್ನು ಮೇಲಿನ ಸಾಲಿಗೆ ಒಯ್ಯಬೇಕಾಗಿದ್ದರಿಂದ ಅವರ ಮಣಿಕಟ್ಟು ನೋಯತೊಡಗಿತ್ತು. “ಹೊಲಿಗೆ ಮಿಷನ್ ಥರ ಕಾಲಲ್ಲಿ ಒತ್ತೋಕಾಗಲ್ವೇನೋ?” ಎಂದು ಅವರು ಕೇಳಿದ ಮೇಲೆ, ಎಸ್.ಪಿ. ರಸ್ತೆಯಲ್ಲಿ ಒಂದು ಪೆಡಲ್ ಸ್ವಿಚ್ ಕೊಂಡು, ಮಕ್ಕಳು ಮೂಲೆಗೆಸೆದಿದ್ದ ಯುಎಸ್‌ಬಿ ಗೇಮ್‌ಪ್ಯಾಡಿನ ಗುಂಡಿಯೊಂದಕ್ಕೆ ಅದರ ತಂತಿಗಳನ್ನು ಬೆಸೆದೆ.

ಆದರೆ ಆ ತಂತ್ರಾಂಶಕ್ಕೆ ಗೇಮ್‌ಪ್ಯಾಡಿನ ಗುರುತಿಲ್ಲ, ಕೀಲಿಮಣೆ ಮಾತ್ರ ಗೊತ್ತು. ಅವರ ಗಣಕದ ಉಬುಂಟು (ಲಿನಕ್ಸ್‌ನ ಒಂದು ರೂಪ) ಪರದೆ, ಕೀಲಿಮಣೆಗಳನ್ನು ನಿಭಾಯಿಸುವ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಮೇಲೆ ನಡೆಯುವುದರಿಂದ, ಅದಕ್ಕೂ ಹಳೆಯ ಎಕ್ಸ್11 ವ್ಯವಸ್ಥೆಯ ಕಾಲದ, ಕೀಲಿ ಒತ್ತಿದಂತೆ ನಟಿಸುವ ಎಕ್ಸ್‌ಡುಟೂಲ್ ಎಂಬ ಉಪಕರಣವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಯುಇನ್‌ಪುಟ್ ಎಂಬ ಸೌಲಭ್ಯ ಇದಕ್ಕೆ ತಕ್ಕ ಮಾರ್ಗ: ಪೈಥಾನ್‌ನ ಇವಿಡೆವ್ ಲೈಬ್ರರಿಯ ಮೂಲಕ ಕೆಲವೇ ಸಾಲುಗಳ ಸ್ಕ್ರಿಪ್ಟಿನಲ್ಲಿ (ಪುಟ್ಟ ಪ್ರೋಗ್ರಾಮಿನಲ್ಲಿ) ಕಲ್ಪಿತ ಕೀಲಿಮಣೆಯೊಂದನ್ನು ಸೃಷ್ಟಿಸಿದರೆ, ಉಳಿದ ವ್ಯವಸ್ಥೆ ಅದನ್ನು ನಿಜವಾದ ಕೀಲಿಮಣೆಯೆಂದೇ ನಡೆಸಿಕೊಳ್ಳುತ್ತದೆ. ಪೆಡಲ್ ತುಳಿದಾಗ ಸ್ಕ್ರಿಪ್ಟ್ 62ನೆಯ ಕೀಲಿಸಂಕೇತಕ್ಕೆ, ಅಂದರೆ ಎಫ್4ಕ್ಕೆ, 1 ಎಂದು ಬರೆಯಬೇಕು, ಕಾಲೆತ್ತಿದಾಗ 0, ಪ್ರತಿ ಬಾರಿಯೂ ಹಿಂದೆಯೇ ಸುದ್ದಿ ಮುಗಿಯಿತೆಂದು ಸೂಚಿಸುವ ಒಂದು ‘ಸಿನ್’ ಕಳುಹಿಸಬೇಕು. ಅದು ಹೋಗುವವರೆಗೆ ಓದುವ ತಂತ್ರಾಂಶಗಳಿಗೆ ಸುದ್ದಿ ತಲುಪುವುದಿಲ್ಲ. ಪ್ರತಿ ತುಳಿತಕ್ಕೂ ಹೊಸ ಸಾಧನ ಹುಟ್ಟಿಸುವುದಂತೂ ಬೇಡ: ಡೆಸ್ಕ್‌ಟಾಪ್ ಅದನ್ನು ಗಮನಿಸುವಷ್ಟರಲ್ಲಿ ಒತ್ತಿದ್ದು ಕಳೆದುಹೋಗಿರುತ್ತದೆ.

ಯುಇನ್‌ಪುಟ್ ಕಳುಹಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಖ್ಯೆಯನ್ನು ಮಾತ್ರ. 37 ಎಂದರೆ ಇಂಗ್ಲಿಷ್ ವಿನ್ಯಾಸದಲ್ಲಿ ‘ಕೆ’, ಕನ್ನಡದ ಕೀಲಿವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ಗೆ ಬದಲಿಸಿದೊಡನೆ ಅದೇ ‘ಕ’. ದಿನವಿಡೀ ಕನ್ನಡ, ಇಂಗ್ಲಿಷ್ ಎರಡರ ನಡುವೆ ಓಡಾಡುವ ಅತ್ತಿಗೆಯವರಿಗೆ ಅಕ್ಷರದ ಕೀಲಿಗಳನ್ನು ಕಟ್ಟಿಕೊಟ್ಟಿದ್ದರೆ ಪೇಚಾಟವಾಗುತ್ತಿತ್ತು. ಎಫ್4 ಮಾತ್ರ ಯಾವ ಭಾಷೆಯಲ್ಲೂ ಎಫ್4 ಆಗಿಯೇ ಉಳಿಯುತ್ತದೆ.

ಯುಇನ್‌ಪುಟ್ ಕಡತಕ್ಕೆ ಬರೆಯಲು ಸಾಮಾನ್ಯವಾಗಿ ರೂಟ್ ಅಧಿಕಾರ, ಅಂದರೆ ಗಣಕದ ಮೇಲಿನ ಪೂರ್ಣ ಅಧಿಕಾರ, ಬೇಕು. ಸ್ಕ್ರಿಪ್ಟನ್ನೇ ರೂಟ್ ಆಗಿ ಓಡಿಸುವುದು ನನಗೆ ಒಪ್ಪಿಗೆಯಾಗದೆ, ಸಾಧನಗಳ ಅನುಮತಿ ನಿಗದಿಪಡಿಸುವ ಯುಡೆವ್‌ನ ನಿಯಮವೊಂದರ ಮೂಲಕ ಬಳಕೆದಾರರ ಪ್ರತ್ಯೇಕ ಗುಂಪಿಗಷ್ಟೇ ಅನುಮತಿ ಕೊಟ್ಟೆ. ಇಷ್ಟ ಬಂದಂತೆ ಕೀಲಿ ಒತ್ತಬಲ್ಲ ಸಾಧನದ ವಿಷಯದಲ್ಲಿ ಈ ಬಿಗಿ ಅತಿಯೆಂದು ನನಗನ್ನಿಸುವುದಿಲ್ಲ. ಅದೇ ಕಾರಣಕ್ಕೆ ಸಾಧನವನ್ನು ಸೃಷ್ಟಿಸುವಾಗ ಎಫ್4 ಒಂದನ್ನೇ ಘೋಷಿಸಿದ್ದೆ. ಘೋಷಿಸದ ಕೀಲಿಯನ್ನು ಬರೆದರೆ ಕರ್ನಲ್ ತಕರಾರೆತ್ತದೆ ಅದನ್ನು ಕೈಬಿಡುತ್ತದೆ.

ಸಂಜೆಯ ಹೊತ್ತಿಗೆ ಅತ್ತಿಗೆ ಕೈಯೆತ್ತದೆ ಒಂದು ಪುಟ ಮುಗಿಸಿ, “ಇನ್ನೊಂದು ಕಾಲು ಸುಮ್ನೆ ಕೂತಿದೆ, ಹಿಂದಕ್ಕೆ ಹೋಗೋದೂ ಇದರಲ್ಲೇ ಬರಲಿ” ಎಂದರು. ಆ ತಂತ್ರಾಂಶದಲ್ಲಿ ಅದಕ್ಕಿರುವ ಕೀಲಿ ಎಫ್3. ಎರಡನೆಯ ಪೆಡಲ್ ತರುವುದಕ್ಕೆ ಮೊದಲೇ ಘೋಷಣೆಯ ಪಟ್ಟಿಗೆ 61ನ್ನೂ ಸೇರಿಸಿಟ್ಟೆ.