ಹೆಕ್ಸ್‌ಬೀಮ್ ಹಬ್: ಜಿ-10 ಶೀಟಿಗೆ ಕೊನೆಗೂ ಸಿಕ್ಕ ಬ್ಲೇಡು

ಹೆಕ್ಸ್‌ಬೀಮ್ ಅಂದರೆ ಆರು ಕೋಲುಗಳ (ಸ್ಪ್ರೆಡರ್) ಮೇಲೆ ತಂತಿ ಕಟ್ಟುವ ಹ್ಯಾಮ್ ರೇಡಿಯೋ ಆಂಟೆನಾ. ಆ ಕೋಲುಗಳೆಲ್ಲ ಬಂದು ಸೇರುವ ನಡುವಿನ ಹಬ್ ಪ್ಲೇಟು ಕೊನೆಗೂ ಕುಯ್ದಾಯಿತು! 6 ಮಿ.ಮೀ. ಜಿ-10 ಗ್ಲಾಸ್ ಎಪಾಕ್ಸಿ. ಅಂಚಿನಲ್ಲಿ ಬಿಳಿ ಪಟ್ಟಿಯಿಲ್ಲ, ನಾರು ಎದ್ದಿಲ್ಲ. ಮಾರ್ಕಿಂಗು, ಯು-ಬೋಲ್ಟಿನ ತೂತು ಎಲ್ಲ ಮಾಮೂಲು. ಸತಾಯಿಸಿದ್ದು ಬ್ಲೇಡು ಮಾತ್ರ.

ಹೈಲಂ (ಕಾಗದಕ್ಕೋ ಬಟ್ಟೆಗೋ ಫೀನಾಲಿಕ್ ರೆಸಿನ್ ಹಾಕಿದ) ಶೀಟಾಗಿದ್ದರೆ ಹ್ಯಾಕ್‌ಸಾದಲ್ಲೇ ಮುಗಿಯುತ್ತಿತ್ತು. ಜಿ-10ರ ಒಳಗಿರುವುದು ಗಾಜಿನ ಬಟ್ಟೆ, ಸ್ಟೀಲ್ ಹಲ್ಲು ನೋಡನೋಡುತ್ತಲೇ ಮೊಂಡಾಗುತ್ತದೆ. ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ ಟಿಸಿಟಿ ಬ್ಲೇಡು ಇನ್ನಷ್ಟು ದೂರ ಬರುತ್ತದೆ, ಅಷ್ಟೆ. ಟಂಗ್‌ಸ್ಟನ್ ಕಾರ್ಬೈಡ್ ಕಣಗಳು ಗಾಜಿಗಿಂತ ಗಟ್ಟಿ ನಿಜ, ಅವನ್ನು ಹಿಡಿದಿಟ್ಟಿರುವ ಕೋಬಾಲ್ಟ್ ಮೆದು. ಗಾಜಿನ ಪುಡಿ ಅದನ್ನು ಸವೆಸಿ ಕಣ ಉದುರಿಸುತ್ತದೆ, ಹಲ್ಲು ದುಂಡಗಾಗುತ್ತದೆ, ಆಮೇಲೆ ಕುಯ್ಯುವ ಬದಲು ಉಜ್ಜುತ್ತದೆ. ಉಜ್ಜಿದರೆ ಬಿಸಿ. ಸಾಮಾನ್ಯ ದರ್ಜೆಯ ಎಪಾಕ್ಸಿ 130-140 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗಿ ಪದರ ಬಿಡುತ್ತದೆ. ಆ ಬಿಳಿ ಪಟ್ಟಿ ಅದೇ.

ಹಾಗಾದರೆ ಡೈಮಂಡ್. ಅಂಗಡಿಯಲ್ಲಿ ಕೇಳಿದರೆ ಕೈಗಿಡುವುದು ಟೈಲ್ಸ್ ಬ್ಲೇಡು. ಪ್ಯಾಕೆಟ್ಟಿನ ಮೇಲೆ ಗ್ರಿಟ್ (ಕಣದ ಗಾತ್ರ) ಎಷ್ಟು, ಬಾಂಡ್ (ಕಣ ಹಿಡಿದಿಡುವ ಲೋಹ) ಯಾವುದು, ಒಂದೂ ಇಲ್ಲ. ಕೇಳಿದರೆ ‘ಎಲ್ಲದಕ್ಕೂ ಆಗುತ್ತೆ ಸಾರ್’. ಆಗುವುದಿಲ್ಲ! ಅದು ಸಿಂಟರ್ಡ್ ರಿಮ್, ಅಂದರೆ ಲೋಹದ ಪುಡಿಯಲ್ಲಿ ವಜ್ರದ ಕಣ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಅಂಚು: ಟೈಲ್ಸಿನ ಪುಡಿ ಲೋಹವನ್ನು ಸವೆಸುತ್ತ ಹೋದಂತೆ ಹೊಸ ವಜ್ರದ ಕಣ ಹೊರಬರಬೇಕು. ಇಲ್ಲಿ ಬಿಸಿಯಾದ ರೆಸಿನ್ ರಿಮ್ಮಿಗೆ ಮೆತ್ತಿಕೊಂಡು ಕಣಗಳನ್ನೇ ಮುಚ್ಚಿಬಿಡುತ್ತದೆ. ಬ್ಲೇಡು ಸತ್ತಿತೆಂದು ಎಸೆಯಬೇಡಿ; ಮೆದು ಇಟ್ಟಿಗೆಯಲ್ಲಿ ನಾಲ್ಕು ಸಲ ಎಳೆದರೆ ಮತ್ತೆ ಹಿಡಿಯುತ್ತದೆ. ಆದರೂ ಸ್ವಲ್ಪ ಹೊತ್ತಿಗೆ ಅದೇ ಕಥೆ.

ಗೆದ್ದದ್ದು ಎಲೆಕ್ಟ್ರೋಪ್ಲೇಟೆಡ್ ಬ್ಲೇಡು: 100 ಮಿ.ಮೀ., 40-50 ಗ್ರಿಟ್, ಮಾರ್ಬಲ್ ಮತ್ತು ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕೆಲಸಕ್ಕೆ ಬರುವಂಥದ್ದು. ಗುರುತು ಸುಲಭ, ರಿಮ್ಮಿನ ಪಕ್ಕ ಸವರಿದರೆ ದಪ್ಪ ಉಪ್ಪುಕಾಗದದಂತೆ ತರಿತರಿ. ಕಣಗಳು ನಿಕಲ್ ಲೇಪದಿಂದ ಮೇಲೆದ್ದಿರುತ್ತವೆ, ಪುಡಿ ಹೊರಬೀಳಲು ಜಾಗ ಸಿಗುತ್ತದೆ. ಕಣ ಒಂದೇ ಪದರ. ಅದು ಉದುರಿದರೆ ಬ್ಲೇಡಿನ ಆಯಸ್ಸು ಮುಗಿಯಿತು. ಉಕ್ಕಿಗೆ ತಾಗಿಸಲೇಬೇಡಿ.

ವೇಗವನ್ನೂ ಇಳಿಸಬೇಕು. ಗ್ರೈಂಡರಿನ 11,000 ಆರ್‌ಪಿಎಂನಲ್ಲಿ ರಿಮ್ ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಸ್ಪೀಡ್ ಡಯಲ್ ಇರುವ ಗ್ರೈಂಡರಿನಲ್ಲಿ 4,000ಕ್ಕೆ ಇಳಿಸಿದರೆ 21. ಅಂಟುವುದು ಅಲ್ಲಿಗೆ ನಿಂತಿತು. ಶೀಟಿನ ಎರಡೂ ಬದಿ ಮಾಸ್ಕಿಂಗ್ ಟೇಪು, ಕೆಳಗೆ ವೇಸ್ಟ್ ಪ್ಲೈವುಡ್. ಮೊದಲು 1 ಮಿ.ಮೀ. ಗೀರು, ಆಮೇಲೆ ಪೂರ್ತಿ ಆಳ. ಸ್ಪ್ರೇ ಬಾಟಲಿಯಿಂದ ಶೀಟಿನ ಮೇಲೆ ಮಾತ್ರ ನೀರು, ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್ಚು), ಮುಖಕ್ಕೆ ಎನ್-95, ಕಣ್ಣಿಗೆ ಗಾಗಲ್ಸ್. ರಾಡಿ ಒಣಗುವ ಮೊದಲೇ ಒರೆಸಿ. ಒಣಗಿದರೆ ಗಾಜಿನ ಧೂಳು ಹಾರುತ್ತದೆ, ಚರ್ಮಕ್ಕೆ ತಾಗಿದರೆ ತುರಿಕೆ.

ಕುಯ್ದ ಅಂಚಿಗೆ ತೆಳ್ಳಗೆ ಎಪಾಕ್ಸಿ ಬಳಿದಿದೆ, ಮಳೆನೀರು ನಾರಿನ ಗುಂಟ ಒಳಗೆ ಹೋಗದಿರಲಿ ಅಂತ.

ಮುಂದೆ ಆರು ಗ್ಲಾಸ್‌ಫೈಬರ್ ಸ್ಪ್ರೆಡರ್ ಪೈಪು. ಅದಕ್ಕೂ ಇದೇ ಬ್ಲೇಡು. ಸುತ್ತ ಕಟ್ಟುವ ಕೆವ್ಲಾರ್ ಹಗ್ಗಕ್ಕೆ ಮಾತ್ರ ಡೈಮಂಡ್ ಬೇಡ, ಎಳೆಯೆಳೆಯಾಗಿ ಹಿಂಜಿ ಹೋಗುತ್ತದೆ. ಸಣ್ಣ ಹಲ್ಲಿನ ಹರಿತ ಕತ್ತರಿ ಬೇಕು, ಈಗ ಅದನ್ನೇ ಹುಡುಕಬೇಕಾಗಿದೆ.