ಜಿಪಿಯು ಖಾಲಿ ಕೂತಿತ್ತು
ಇವತ್ತು ಲಿನಕ್ಸ್ ಕರ್ನಲ್ ಬಿಲ್ಡ್‌ಗೆ (ಅದರ ಕೋಡ್ ಕಂಪೈಲ್ ಮಾಡೋಕೆ) ಹಾಕಿ ಸಿಪಿಯುನ ಎಲ್ಲಾ ಕೋರ್‌ಗಳನ್ನೂ ದುಡಿಯೋಕೆ ಬಿಟ್ಟಿದ್ದೆ. ಪಕ್ಕದಲ್ಲಿ ಒಂದು ವಿಂಡೋ ಎಳೆದರೆ ತಡವರಿಸ್ತಾ ಬರ್ತಿದೆ. ಪಾಪ, ಪರದೆಗೆ ಚಿತ್ರ ಬಿಡಿಸೋ ಜಿಪಿಯು ಸುಸ್ತಾಗಿದೆ ಅಂದುಕೊಂಡೆ. ಟ್ರೇಸ್ (ಯಾವಾಗ ಏನು ನಡೀತು ಅನ್ನೋ ದಾಖಲೆ) ತೆಗೆದು ನೋಡಿದರೆ ಅದು ಸುಮ್ನೆ ಖಾಲಿ ಕೂತಿದೆ!

ಜಿಪಿಯು ಮಾಡಬೇಕಾದ ಜಾಬ್ ರೆಡಿ ಇದೆ, ಅದು ಕಾಯ್ತಿದ್ದ ಫೆನ್ಸ್ (ಹಿಂದಿನ ಕೆಲಸ ಮುಗೀತು ಅನ್ನೋ ಸಂಕೇತ) ಕೂಡ ಮುಗಿದಿದೆ, ಆದರೆ ಅದನ್ನ ಎತ್ತಿ ಹಾರ್ಡ್‌ವೇರ್ ರಿಂಗ್‌ಗೆ (ಜಿಪಿಯು ಕೆಲಸ ಎತ್ತಿಕೊಳ್ಳೋ ಸಾಲಿಗೆ) ಹಾಕಬೇಕಾದ ವರ್ಕರ್ ಥ್ರೆಡ್ ಮಾತ್ರ ಕಂಪೈಲರ್‌ಗಳ ಹಿಂದೆ ಸಿಪಿಯುಗಾಗಿ ಕ್ಯೂ ನಿಂತಿದೆ. ಅದರ ಕೆಲಸವೋ, ಕೆಲವೇ ಮೈಕ್ರೋಸೆಕೆಂಡಿನದು. 60 ಹರ್ಟ್ಸ್ ಪರದೆಗೆ ಒಂದು ಫ್ರೇಮ್‌ಗೆ ಸಿಗೋದೇ 16.6 ಮಿಲಿಸೆಕೆಂಡು, ಅದರಲ್ಲಿ ಇದು ನಿಂತೇ ಕಳೆದರೆ ಇನ್ನೇನು ಉಳೀತು?

ಜಾಬ್‌ಗಳನ್ನ ಜಿಪಿಯುಗೆ ಸಾಗಿಸೋ ಲಿನಕ್ಸ್‌ನ ಡಿಆರ್‌ಎಮ್ ಶೆಡ್ಯೂಲರ್ ಮೊದಲು ಇದಕ್ಕೆ ಅಂತಲೇ ಒಂದು ಕರ್ನಲ್ ಥ್ರೆಡ್ ಇಟ್ಟುಕೊಂಡಿತ್ತು, ಆಮೇಲೆ ವರ್ಕ್‌ಕ್ಯೂಗೆ (ಕೆಲಸಗಳನ್ನ ಕರ್ನಲ್‌ನ ವರ್ಕರ್ ಥ್ರೆಡ್‌ಗಳಿಗೆ ಹಂಚೋ ಸಾಲಿಗೆ) ಬಂತು. ಹೈ ಪ್ರಯಾರಿಟಿ ಅಂತ ಕೇಳಿ ಮಾಡಿಸಿಕೊಂಡ ವರ್ಕ್‌ಕ್ಯೂ ಆದರೆ ಅದರ ವರ್ಕರ್‌ಗೆ ನೈಸ್ -20 (ನೈಸ್ ಅಂಕೆ ಕಡಿಮೆ ಇದ್ದಷ್ಟೂ ಸಿಪಿಯು ಹಂಚಿಕೆಯಲ್ಲಿ ಆದ್ಯತೆ ಜಾಸ್ತಿ). ಕೇಳದಿದ್ದರೆ 0, ಅಂದರೆ ಕಂಪೈಲರ್‌ಗೂ ಇದಕ್ಕೂ ಒಂದೇ ಮರ್ಯಾದೆ.

ತಮಾಷೆ ಅಂದ್ರೆ, ಬಳಸೋ ಆ್ಯಪ್ ತನ್ನ ಜಿಪಿಯು ಕಾಂಟೆಕ್ಸ್ಟ್‌ಗೆ (ಜಿಪಿಯುನಲ್ಲಿ ಆ ಆ್ಯಪ್‌ನ ಪಾಲಿನ ಖಾತೆಗೆ) ಹೈ ಪ್ರಯಾರಿಟಿ ಕೇಳಿ ಪಡೆದಿರಬಹುದು. ಆದರೆ ಆ ಜಾಬ್ ಹೊತ್ತೊಯ್ಯೋ ವರ್ಕರ್ ಥ್ರೆಡ್‌ಗೆ ಆ ವಿಷಯವೇ ಗೊತ್ತಿಲ್ಲ, ಅಲ್ವಾ?

ನಾನಂತೂ ಸದ್ಯಕ್ಕೆ ಬಿಲ್ಡನ್ನೇ ನೈಸ್ 19ಕ್ಕೆ, ಅಂದರೆ ತೀರಾ ಕಡಿಮೆ ಆದ್ಯತೆಗೆ, ಇಳಿಸಿದೆ. ವಿಂಡೋ ಈಗ ಬೆಣ್ಣೆ ಥರ ಜಾರ್ತಿದೆ.