ಆರನೇ ಜಾರ್ಜ್ ರಾಜನ ಎಂಟು ರೂಪಾಯಿ

ಕೈಲ್‌ಪೋಳ್ದ್ ಹತ್ತಿರ ಬಂತೆಂದರೆ ವಿರಾಜಪೇಟೆ, ಮಡಿಕೇರಿಯ ಬೆಳ್ಳಿ ಕೆಲಸದವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಅದು; ಸೆಪ್ಟೆಂಬರ್ 3ಕ್ಕೆ ಕೋವಿ, ಕತ್ತಿ ಎಲ್ಲ ಪೂಜೆಗೆ ಕೂರಬೇಕು. ಅದಕ್ಕೆ ಹತ್ತು ದಿನ ಮೊದಲೇ ಪೀಚೆಕತ್ತಿಗಳು (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಪೆಟ್ಟಿಗೆಯಿಂದೆದ್ದು ನಮ್ಮ ಮೇಜಿಗೆ ಬರುತ್ತವೆ. ಒರೆಯ ತಗಡು ಬಿಟ್ಟದ್ದು, ಸರಪಳಿ ಕಡಿದದ್ದು, ಮೂರು ತಿಂಗಳ ಮಳೆಗೆ ಕಪ್ಪಾದದ್ದು. ಕೌಂಟರಿನಲ್ಲಿ ತುಂಬುವ ಜಾಬ್ ಕಾರ್ಡಿಗೆ ಇರುವುದು ಮೂರೇ ಕಾಲಂ: ಲೋಹ, ಗ್ರಾಂ, ಕೆಲಸ. ಲೋಹದ ಕೆಳಗೆ ‘ಬೆಳ್ಳಿ’ ಎಂದು ಗೀಚಿದರೆ ಕೌಂಟರಿನವರ ಕೆಲಸ ಮುಗಿಯಿತು. ಎಷ್ಟರ ಬೆಳ್ಳಿ ಎಂದು ಬರೆಯಲು ಜಾಗವೇ ಇಲ್ಲ.

ಆ ದಿನದ ಕಾರ್ಡು: ಬೆಳ್ಳಿ, 231 ಗ್ರಾಂ, ಸರಪಳಿ ಮತ್ತು ಒರೆ ತಗಡು. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ 20 ಹಳೆಯ ರೂಪಾಯಿ ನಾಣ್ಯ. ಕರಗಿಸಿ ಅದರಲ್ಲೇ ಮಾಡಬೇಕು, ಬೇರೆ ಬೆಳ್ಳಿ ಸೇರಿಸಬಾರದು, ಅಜ್ಜನ ನಾಣ್ಯ ಎಂದು ಕಾರ್ಡಿನ ಹಿಂದೆ ಬರೆದಿತ್ತು. ಬ್ರಿಟಿಷರ ಕಾಲದ ರೂಪಾಯಿ ಎಂದರೆ ಒಂದು ತೊಲ, 11.66 ಗ್ರಾಂ, ನೂರಕ್ಕೆ 91.7 ಬೆಳ್ಳಿ. ಈ ಕೆಲಸದಲ್ಲಿ ಇದು ಎಲ್ಲರಿಗೂ ಬಾಯಿಪಾಠ. 925ಕ್ಕೆ, ಅಂದರೆ ಸಾವಿರಕ್ಕೆ 925 ಪಾಲಿನ ಬೆಳ್ಳಿಗೆ, ಒಂದು ಕೂದಲೆಳೆ ಕಡಿಮೆ, ಅಷ್ಟೆ. ಮೇಲಿದ್ದ ಒಂದೆರಡು ನಾಣ್ಯದಲ್ಲಿ ವಿಕ್ಟೋರಿಯಾ ರಾಣಿಯ ಮುಖ ಕಂಡದ್ದೇ ಸಾಕಾಯಿತು. ಉಳಿದವನ್ನು ತಿರುಗಿಸಿ ನೋಡದೆ ಎಲ್ಲವನ್ನೂ ಮೂಸೆಗೆ ಸುರಿದೆ.

ತಪ್ಪು ಅಲ್ಲೇ ಆಯಿತು. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಇವರ ರೂಪಾಯಿಗಳೆಲ್ಲ 91.7ರವೇ. ಆದರೆ ಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂದು, 1940ರಿಂದ ಆರನೇ ಜಾರ್ಜನ ರೂಪಾಯಿಯನ್ನು ಅರ್ಧಕ್ಕರ್ಧ ಬೆರಕೆ ಮಾಡಿದರು: ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5. ತೂಕ ಅದೇ 11.66, ಅಗಲವೂ ಅದೇ. ನಾಲ್ಕು ಲೋಹದ ಈ ಬೆರಕೆ 1945ರವರೆಗೆ ನಡೆಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರಾ ನಿಕಲ್. ಅದನ್ನು ಹಿಡಿಯುವುದು ಸುಲಭ, ಅಯಸ್ಕಾಂತಕ್ಕೆ ಅಂಟುತ್ತದೆ. ನಡುವಿನ 50ರ ನಾಣ್ಯ ಅಂಟುವುದಿಲ್ಲ. ಅಯಸ್ಕಾಂತ ಹಿಡಿದು ‘ಅಸಲಿ’ ಅನ್ನುವವರು ಇಲ್ಲೇ ಜಾರುವುದು.

ಕರಗಿಸುವಾಗ ಮೂಸೆಯೇ ಮೊದಲ ಎಚ್ಚರಿಕೆ ಕೊಟ್ಟಿತ್ತು. ಬೆಳ್ಳಿ ತಾಮ್ರ ಎರಡೇ ಇದ್ದರೆ ದಟ್ಟ ಬಿಳಿ ಹೊಗೆ ಬರುವುದಿಲ್ಲ. ಅವತ್ತು ಬಂತು. ಸತು ಉರಿದರೆ ಬರುವ ಹೊಗೆ ಅದು, ಉಸಿರಿಗೂ ಕೆಟ್ಟದ್ದು. ಬಿಳಿಗಾರ (ಬೋರಾಕ್ಸ್) ಹೆಚ್ಚು ಬಿತ್ತೇನೋ ಅಂದುಕೊಂಡು ಮೇಲೆ ಇದ್ದಿಲ ಪುಡಿ ಉದುರಿಸಿದೆ. (ಇದ್ದಿಲು ಹಾಕುವುದು ತಪ್ಪಲ್ಲ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಾಲು ಆಮ್ಲಜನಕ ಕುಡಿಯುತ್ತದೆ, ಗಟ್ಟಿಯಾಗುವಾಗ ಅದನ್ನೆಲ್ಲ ಉಗುಳಿ ಮೈ ತುಂಬ ತೂತು ಮಾಡಿಕೊಳ್ಳುತ್ತದೆ. ಇದ್ದಿಲು ಗಾಳಿಯನ್ನು ತಡೆಯುತ್ತದೆ.) ಎಣ್ಣೆ ಸವರಿದ ಅಚ್ಚಿಗೆ ಎರೆದು, ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಬಿಸಿ ಮಾಡಿ ತೆಗೆದಾಗ ಬೆಳ್ಳಿಯ ಗಟ್ಟಿಯು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಎಕ್ಸ್‌ರೇ ಬಿಟ್ಟು ಚೊಕ್ಕತನ ಅಳೆಯುವ ಕ್ಯಾರೆಟ್ ಮೀಟರಿಗೆ ಇಟ್ಟೆ. 88 ತೋರಿಸಿತು. ಸವೆದ ನಾಣ್ಯ, ಒಂದಿಷ್ಟು ಕೊಳೆ, ಇರಲಿ ಬಿಡು ಅಂದುಕೊಂಡೆ.

ಮೀಟರ್ ಸುಳ್ಳು ಹೇಳಲಿಲ್ಲ, ತನಗೆ ಕಂಡದ್ದನ್ನು ಹೇಳಿತು. ಎಕ್ಸ್‌ರೇ ಬೆಳ್ಳಿಯ ಮೇಲ್ಮೈಯ ತೆಳು ಪದರವನ್ನಷ್ಟೇ ಓದುತ್ತದೆ. ಬೆರಕೆ ಬೆಳ್ಳಿಯನ್ನು ಕಾಯಿಸಿದರೆ ಮೇಲ್ಮೈಯ ತಾಮ್ರ ಕಪ್ಪಾಗುತ್ತದೆ; ಆಸಿಡ್ಡಿನಲ್ಲಿ ಹಾಕಿದರೆ ಆ ಕಪ್ಪು ಕರಗಿಹೋಗಿ, ಹೊರಗೆ ಬರೀ ಬೆಳ್ಳಿಯ ತೊಗಲು ಉಳಿಯುತ್ತದೆ. ಎರಡು ಸಲ ಕಾಯಿಸಿ ಎರಡು ಸಲ ಬಿಳುಪು ಮಾಡಿದರೆ 75ರ ಮಾಲು 88 ಆಗಿ ಕಾಣುವುದು ದೊಡ್ಡ ಮಾತಲ್ಲ. ಹಳೆಯ ಕಡಗ, ಗೆಜ್ಜೆ ಕೊಳ್ಳುವವರು ಇದರಲ್ಲೇ ಕೈ ಸುಟ್ಟುಕೊಳ್ಳುತ್ತಾರೆ. ಮೂಲೆಯಲ್ಲಿ ಅರದಿಂದ ಕನಿಷ್ಠ ಅರ್ಧ ಮಿಲಿಮೀಟರ್ ಉಜ್ಜಿ, ಒಳಗಿನ ಮೈ ತೋರಿಸಿ ಮೀಟರಿಗೆ ಇಡಬೇಕು. ನಮ್ಮ ಯಜಮಾನರು ಲಕ್ಷಗಟ್ಟಲೆ ಕೊಟ್ಟು ಮೀಟರ್ ತಂದ ವಾರವೇ ಒರೆಗಲ್ಲು, ಆಸಿಡ್ ಬಾಟಲಿ, ಮಾದರಿ ಸೂಜಿ ಎಲ್ಲ ಅಟ್ಟಕ್ಕೆ ಹೋದವು. ಮೀಟರಿನ ಪಕ್ಕ ಐವತ್ತು ರೂಪಾಯಿಯ ಒಂದು ಅರ ಇಡಿ ಎಂದರೆ ‘ಮಾಲಿಗೆ ಗೀರು ಬೀಳುತ್ತೆ’ ಅನ್ನುತ್ತಾರೆ.

ಗಟ್ಟಿಯನ್ನು ರೋಲರಿಗೆ ಕೊಟ್ಟಾಗ ಎರಡನೆಯ ಎಚ್ಚರಿಕೆ. 6 ಮಿಲಿಮೀಟರಿನಿಂದ 4ಕ್ಕೆ ಬರುವಷ್ಟರಲ್ಲಿ ಅಂಚು ಗರಗಸದ ಹಲ್ಲಿನ ಹಾಗೆ ಬಿರಿಯಿತು. ಚೊಕ್ಕ ಬೆಳ್ಳಿಯಾದರೆ ಬೆಣ್ಣೆ, 925 ಆದರೂ ಅರ್ಧ ದಪ್ಪ ಇಳಿಯುವವರೆಗೆ ತಡೆಯುತ್ತದೆ, ಆಮೇಲೆ ಮಂಕು ಕೆಂಪಿಗೆ, ಸುಮಾರು 650 ಡಿಗ್ರಿಗೆ ಕಾಯಿಸಿ, ಕೆಂಪು ಆರಿದ ಮೇಲೆ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಇದು ಕಾಯಿಸಿದರೂ ಬಗ್ಗಲಿಲ್ಲ. ನಿಕಲ್ ಸೇರಿದ್ದರ ಬಿಗಿ ಅದು. ಬಿರಿದ ಅಂಚು ಕತ್ತರಿಸಿ, ಪ್ರತಿ ಎರಡು ಎಳೆತಕ್ಕೊಮ್ಮೆ ಕಾಯಿಸುತ್ತ, ತಂತಿಯನ್ನು 1.6ಕ್ಕೆ ತಂದು ಕೊಂಡಿ ಸುತ್ತುವಷ್ಟರಲ್ಲಿ ಸಂಜೆ ನಾಲ್ಕು. ಮಾಲು ಕೊಡಬೇಕಾದದ್ದು ಐದಕ್ಕೆ.

ಮೊದಲ ಕೊಂಡಿಗೆ ಬಿಳಿಗಾರ ಹಚ್ಚಿ, ಹಾರ್ಡ್ ಬೆಸುಗೆಯ ಚೂರು ಇಟ್ಟು, ಟಾರ್ಚ್ ಹಿಡಿದೆ. ಚೂರು ಹಾಗೇ ಕೂತಿತು. ಇನ್ನೂ ಸ್ವಲ್ಪ ಉರಿ. ಚೂರು ಮಿನುಗಿತು, ಅದರ ಜೊತೆಗೆ ಕೊಂಡಿಯೂ ಮಿನುಗಿ ಒಂದು ಮಣಿಯಾಗಿ ಕೂತಿತು. ಎರಡನೆಯದೂ ಹಾಗೇ. ಟಾರ್ಚಿನ ಬಾಯಿ ಬದಲಿಸಿದೆ, ಬೆಸುಗೆ ಹಳೆಯದು ಎಂದು ಬೈದೆ, ಮೂರನೆಯದನ್ನೂ ಕಳೆದೆ. ಅಷ್ಟರಲ್ಲಿ ಕೌಂಟರಿನಿಂದ ‘ಅವರು ಬಂದಿದ್ದಾರೆ’ ಎಂದು ಕೂಗು.

ಆಚಾರ್ರು ಎದ್ದು ಬಂದು ಉಳಿದ ಗಟ್ಟಿಯ ಮೂಲೆಗೆ ಅರ ಎಳೆದರು. ಒಳಗೆ ಬೆಳ್ಳಗಿಲ್ಲ, ತೆಳು ಗೋಧಿ ಬಣ್ಣ. ‘ನಾಣ್ಯದ ಇಸವಿ ನೋಡಿದ್ಯಾ ಮಾರಾಯ?’ ಎಂದರು. ಇಸವಿ ಮೂಸೆಯಲ್ಲಿ ಕರಗಿ ಮೂರು ದಿನವಾಗಿತ್ತು.

ಉಳಿದದ್ದು ಕೌಂಟರಿನ ಫೋನಿನ ಫೋಟೋ ಮಾತ್ರ. ರಸೀದಿಗೆಂದು ನಾಣ್ಯಗಳನ್ನು ಸಾಲಾಗಿ ಜೋಡಿಸಿ ತೆಗೆದದ್ದು. ಹಿಗ್ಗಿಸಿ ನೋಡಿದರೆ ಹನ್ನೆರಡು ಹಳೆಯವು, ಎಂಟು ಆರನೇ ಜಾರ್ಜನವು. ಅದರಲ್ಲಿ ಮೂರು ಮಗುಚಿ ಬಿದ್ದು 1944 ಎಂದು ಚೆನ್ನಾಗಿ ಓದುವ ಹಾಗೇ ಇದ್ದವು. ಮೂರು ದಿನದಿಂದ ನಮ್ಮ ಅಂಗಡಿಯವರ ಫೋನ್ ಗ್ರೂಪಿನಲ್ಲೇ ಇತ್ತು ಆ ಫೋಟೋ.

ಲೆಕ್ಕ ಹಾಕಿದೆವು. ಸವೆತ ಬಿಟ್ಟು ಪೂರ್ತಿ ತೂಕ ಹಿಡಿದರೆ 233.2 ಗ್ರಾಂ. ಹನ್ನೆರಡರಲ್ಲಿ ಬೆಳ್ಳಿ 128.3, ಎಂಟರಲ್ಲಿ 46.6, ಒಟ್ಟು 174.9. ಅಂದರೆ 75 ಟಂಚ್, ನೂರಕ್ಕೆ 75 ಪಾಲು ಬೆಳ್ಳಿ. ಅರದಿಂದ ಉಜ್ಜಿದ ಜಾಗಕ್ಕೆ ಮೀಟರ್ ಇಟ್ಟರೆ ಅದೂ 75ರ ಆಸುಪಾಸೇ ಹೇಳಿತು. ಉಳಿದ 25ರಲ್ಲಿ ತಾಮ್ರ 21, ನಿಕಲ್ 2, ಸತು 2. ಈಗ ಹಾರ್ಡ್ ಬೆಸುಗೆಯ ಸಾಮಾನ್ಯ ಲೆಕ್ಕ ನೋಡಿ: ಬೆಳ್ಳಿ 75, ತಾಮ್ರ 22, ಸತು 3. ಮೂರು ದಿನ ಕಷ್ಟಪಟ್ಟು ಕಾಲು ಕಿಲೋ ಬೆಸುಗೆ ತಯಾರಿಸಿ, ಬೆಸುಗೆಯ ಕೊಂಡಿಗೆ ಬೆಸುಗೆ ಹಾಕಲು ಕೂತಿದ್ದೆ! ಎರಡೂ ಒಟ್ಟಿಗೆ ಕರಗದೆ ಇನ್ನೇನು? ಇಷ್ಟು ತಾಮ್ರ ಸೇರಿದ ಬೆಳ್ಳಿ 779 ಡಿಗ್ರಿಯಲ್ಲೇ ಕರಗಲು ಶುರುವಾಗುತ್ತದೆ, ಸತು ಸೇರಿದರೆ ಇನ್ನೂ ಬೇಗ. 925 ಕರಗಲು ಶುರುವಾಗುವುದು 802ಕ್ಕೆ, ಪೂರ್ತಿ ನೀರಾಗುವುದು 893ಕ್ಕೆ. ಚೊಕ್ಕ ಬೆಳ್ಳಿ 961.8ಕ್ಕೆ. ಬೆಸುಗೆ ಮೊದಲು ಕರಗಬೇಕು, ಮಾಲು ಕರಗಬಾರದು; ಬೆಸುಗೆ ಕೆಲಸ ನಿಂತಿರುವುದೇ ಈ ಅಂತರದ ಮೇಲೆ.

ಇದನ್ನು ಚೊಕ್ಕ ಬೆಳ್ಳಿ ಸೇರಿಸಿ 925ಕ್ಕೆ ಎತ್ತೋಣವೆಂದರೆ 544 ಗ್ರಾಂ ಬೇಕು, ನಾಣ್ಯದ ಎರಡು ಪಾಲಿಗಿಂತ ಹೆಚ್ಚು. ನಿಕಲ್ ಆಗಲೂ ಒಳಗೇ ಇರುತ್ತದೆ. ನೈಟ್ರಿಕ್ ಆಸಿಡ್ಡಿನಲ್ಲಿ ಶುದ್ಧ ಮಾಡಿಸಿದರೆ ಬೆಳ್ಳಿ ವಾಪಸು ಸಿಗುತ್ತದೆ, ಆದರೆ ಅದು ಆ ದಿನದ ಕೆಲಸವಲ್ಲ.

ಕರಗಿಸುವ ಮೊದಲು ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಪರೀಕ್ಷೆ ಹೇಳುತ್ತೇನೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ, ಪೂರ್ತಿ ಮುಳುಗುವಂತೆ ಇಳಿಬಿಡಿ. ಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ನಾಣ್ಯದ ಒಣ ತೂಕವನ್ನು ಈಗ ಕಂಡ ಅಂಕಿಯಿಂದ ಭಾಗಿಸಿ. ಹಳೆಯ ರೂಪಾಯಿ 1.13 ತೋರಿಸಿ 10.3 ಬರುತ್ತದೆ, 1940ರ ನಂತರದ್ದು 1.22 ತೋರಿಸಿ 9.5ರ ಹತ್ತಿರ ನಿಲ್ಲುತ್ತದೆ. ಚೊಕ್ಕ ಬೆಳ್ಳಿ 10.49. ಜರ್ಮನ್ ಸಿಲ್ವರ್ 8.7ರ ಸುಮಾರು. ಕಲ್ಲು ಕೂರಿಸಿದ್ದಕ್ಕೆ, ಒಳಗೆ ಅರಗು ತುಂಬಿದ್ದಕ್ಕೆ ಈ ಪರೀಕ್ಷೆ ನಡೆಯದು.

ಆಸಿಡ್ ಪರೀಕ್ಷೆಯಾದರೆ ಕಾಣದ ಜಾಗದಲ್ಲಿ ಗೀರಿ, ಗೀರಿನ ಒಳಗೆ ನೈಟ್ರಿಕ್ ಆಸಿಡ್ಡಿನ ಒಂದು ಹನಿ. ಹಸಿರು ನೊರೆ ಎದ್ದರೆ ತಾಮ್ರ ಅಥವಾ ಜರ್ಮನ್ ಸಿಲ್ವರ್, ಹಾಲಿನ ಬಣ್ಣಕ್ಕೆ ತಿರುಗಿದರೆ ಬೆಳ್ಳಿ ಹೆಚ್ಚಿದೆ. ಡೈಕ್ರೋಮೇಟ್ ಬೆರೆಸಿದ ಆಸಿಡ್ ಆದರೆ ಒಳ್ಳೆಯ ಬೆಳ್ಳಿಗೆ ರಕ್ತದ ಕೆಂಪು, ಕಡಿಮೆಯಾದಂತೆ ಕಂದು. ಗೀರದೆ ಮೇಲೆ ಹನಿ ಹಾಕಿದರೆ ಬೆಳ್ಳಿಯ ನೀರು ಕುಡಿಸಿದ ಮಾಲೂ ಪಾಸಾಗುತ್ತದೆ.

ಯಾವ ಕೆಲಸಕ್ಕೆ ಯಾವುದು ಅನ್ನುವುದರಲ್ಲಿ ಗಿರಾಕಿಗಿಂತ ನಮ್ಮವರಿಗೇ ಗೊಂದಲ ಹೆಚ್ಚು. ಒರೆಯ ತಗಡಿಗೆ ಹೂಬಳ್ಳಿ ಉಬ್ಬಿಸಬೇಕು. 970, 990 ಮೆತ್ತಗಿದ್ದು ಉಳಿಯ ಮಾತು ಕೇಳುತ್ತದೆ, ಕೆಳಗೆ ಮರ ಇರುವುದರಿಂದ ನೆಗ್ಗುವ ಭಯವೂ ಕಡಿಮೆ. ಅದೇ 990ರಲ್ಲಿ ಸರಪಳಿ ಮಾಡಿದರೆ ವರ್ಷದೊಳಗೆ ಕೊಂಡಿ ಬಾಯಿ ಬಿಡುತ್ತದೆ. ಸರಪಳಿ, ಮದುಮಗಳ ಕಾಲಿನ ಪಿಲ್ಲಿ, ಕಲ್ಲಿನ ಕೆಲಸ ಎಲ್ಲಕ್ಕೂ 925 ಬೇಕು. ಮಾಡಿಕೊಳ್ಳುವುದು ಸುಲಭ: ನೂರು ಗ್ರಾಂ ಚೊಕ್ಕ ಬೆಳ್ಳಿಗೆ 8.1 ಗ್ರಾಂ ತಾಮ್ರ. ತಾಮ್ರ ಎಂದರೆ ಶುದ್ಧ ವಿದ್ಯುತ್ ತಂತಿಯದು, ಹಿತ್ತಾಳೆ ಚೂರಲ್ಲ. 925ರ ತೊಂದರೆ ಒಂದೇ, ಕಾಯಿಸುವಾಗ ಒಳಕ್ಕಿಳಿಯುವ ನೇರಳೆ ಕಲೆ. ಬೋರಿಕ್ ಆಸಿಡ್ಡನ್ನು ಸ್ಪಿರಿಟ್ಟಿನಲ್ಲಿ ಕಲಸಿ ಮೊದಲೇ ಹಚ್ಚದಿದ್ದರೆ ಪಾಲಿಶ್ ಮುಗಿದ ಮೇಲೆ ಮೋಡದ ಹಾಗೆ ಎದ್ದು ಕಾಣುತ್ತದೆ. 958 ಬ್ರಿಟಾನಿಯಾ ನಮ್ಮ ಕಡೆ ಕೇಳುವವರಿಲ್ಲ. ತಾಮ್ರದ ಒಂದಿಷ್ಟು ಪಾಲಿಗೆ ಜರ್ಮೇನಿಯಂ ಹಾಕಿದ ಬೆಳ್ಳಿ ಬೇಗ ಕಪ್ಪಾಗುವುದಿಲ್ಲ, ನಮ್ಮ ಮಳೆಗಾಲಕ್ಕೆ ಹೇಳಿಮಾಡಿಸಿದ್ದು, ಆದರೆ ತರಿಸಿ ಎಂದರೆ ಯಜಮಾನರು ಕೇಳಿಸಿಕೊಳ್ಳುವುದಿಲ್ಲ.

ಇನ್ನು ಹೆಸರಿಗೆ ಮಾತ್ರ ಬೆಳ್ಳಿ. ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತು. ಬೆಳ್ಳಿ ಸೊನ್ನೆ. ನಿಕಲ್ ಒಗ್ಗದವರಿಗೆ ಕಿವಿ ತುರಿಸುವುದು ಇದರಿಂದಲೇ. ‘ಆಕ್ಸಿಡೈಸ್ಡ್’ ಅನ್ನುವುದು ಬೆಳ್ಳಿಯ ಜಾತಿಯಲ್ಲ, ಗಂಧಕದ ದ್ರಾವಣದಲ್ಲಿ ಮಾಡಿದ ಕಪ್ಪು ಬಣ್ಣ. ಅಡಿಯಲ್ಲಿ 925 ಇರಬಹುದು, ಹಿತ್ತಾಳೆಯೂ ಇರಬಹುದು. ಚಿನ್ನದ ನೀರು ಕುಡಿಸಿದ ಬೆಳ್ಳಿಯ ಕೊಕ್ಕೆತಾತಿ (ಕೊಡವ ಹೆಂಗಸರ ಕೊರಳ ಸರ) ಈಗ ಚೆನ್ನಾಗಿ ಓಡುತ್ತದೆ. ಚಿನ್ನದ ಪದರ ತೆಳುವಾದರೆ ಕೆಳಗಿನ ಬೆಳ್ಳಿ ತೂರಿ ಬಂದು ಮಂಕಾಗುತ್ತದೆ. ಬಿಲ್ಲಿನಲ್ಲಿ ಅಂಕಿ ಇಲ್ಲದೆ ‘ಬೆಳ್ಳಿ’ ಎಂದಷ್ಟೇ ಇದ್ದರೆ ಗಿರಾಕಿಗಳು ಕೇಳಲೇಬೇಕು. ಹಾಲ್‌ಮಾರ್ಕ್ ಬೆಳ್ಳಿಗೆ ಕಡ್ಡಾಯವಲ್ಲ. 2025ರ ಸೆಪ್ಟೆಂಬರಿನಿಂದ ಒಂದೊಂದು ಒಡವೆಗೂ ಬೇರೆ ಗುರುತಾಗಿ ಆರಕ್ಷರದ ಎಚ್‌ಯುಐಡಿ ಬಂದಿದೆ, ಅದೂ ಇಷ್ಟವಿದ್ದವರಿಗೆ.

ಆ ಸಂಜೆಯ ಮಾತಿಗೆ ಬರುತ್ತೇನೆ. ಯಜಮಾನರು ನಾಣ್ಯದಲ್ಲಿದ್ದ ಬೆಳ್ಳಿಯ ಲೆಕ್ಕಕ್ಕೆ 189 ಗ್ರಾಂ 925 ಕೊಡುತ್ತೇವೆ ಎಂದರು. ಲೆಕ್ಕ ಸರಿಯೇ ಇತ್ತು. ಆದರೆ ಕೌಂಟರಿನ ಆಚೆ ನಿಂತಿದ್ದ ಅಮ್ಮ, ‘ನಾನು ಬೆಳ್ಳಿ ಕೊಟ್ಟದ್ದಲ್ಲ, ಅಜ್ಜನ ನಾಣ್ಯ ಕೊಟ್ಟದ್ದು’ ಎಂದರು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ದಾರಿ ತೋರಿಸಿದ್ದು ಆಚಾರ್ರು: ‘ಅಮ್ಮಾ, ಸರಪಳಿ ಹೊಸ ಬೆಳ್ಳಿಯಲ್ಲಿ ಮಾಡ್ತೇವೆ. ಕೊಂಡಿ ಕೊಂಡಿಗೂ ಬೆಸುಗೆ ನಿಮ್ಮ ನಾಣ್ಯದ್ದೇ ಹಾಕ್ತೇವೆ.’

ರಾತ್ರಿ ಹನ್ನೊಂದರವರೆಗೆ ಕೂತು ಹಾಕಿದೆವು. ಗಟ್ಟಿಯ ಒಂದು ತುದಿಯನ್ನು 0.3 ಮಿಲಿಮೀಟರ್ ತಗಡು ಮಾಡಿ, ಸಾಸಿವೆ ಗಾತ್ರಕ್ಕೆ ಕತ್ತರಿಸಿ, 925ರ ಕೊಂಡಿಗೆ ಒಂದೊಂದೇ. ಅಂತರ ಇಪ್ಪತ್ತು ಮೂವತ್ತು ಡಿಗ್ರಿಯಷ್ಟೇ ಇದ್ದುದರಿಂದ ಉರಿಯನ್ನು ಚೂರಿಗೆ ಹಿಡಿಯದೆ ಕೊಂಡಿಯ ಬೆನ್ನಿಗೆ ಹಿಡಿದು, ಮಿನುಗಿದ ಕ್ಷಣವೇ ತೆಗೆಯಬೇಕಾಗಿತ್ತು. ಎರಡು ಕೊಂಡಿ ಹೋದವು. ಕೊನೆಗೆ ಅಂಟುವಾಳದ ನೀರಿನಲ್ಲಿ ತೊಳೆದು ಒರೆಸಿಟ್ಟೆವು. ಬೆಸುಗೆಗೆ ಹೋದದ್ದು ಆರು ಗ್ರಾಂ ಸಹ ಇಲ್ಲ.

ಮರುದಿನ ಬೆಳಿಗ್ಗೆ ಸರಪಳಿಯ ಜೊತೆಗೆ ಉಳಿದ ಗಟ್ಟಿ, ತಂತಿ, ಬಿರಿದ ಅಂಚಿನ ಚೂರು, ಮಣಿಯಾದ ಮೂರು ಕೊಂಡಿ ಎಲ್ಲವನ್ನೂ ತೂಗಿ ಪೊಟ್ಟಣ ಕಟ್ಟಿ ಕೊಟ್ಟೆವು. ಹೊಸ ಬೆಳ್ಳಿಯ ದುಡ್ಡು ಅವರು ಕೊಟ್ಟರು, ಮಜೂರಿ ನಾವು ಕೇಳಲಿಲ್ಲ. ‘ಇದು ಎಂಥದ್ದು ಅಂತ ಮೇಲೆ ಬರೆದುಕೊಡಿ, ನಾಳೆ ಮಕ್ಕಳು ಕೇಳಿದ್ರೆ ಗೊತ್ತಾಗ್ಬೇಕಲ್ಲ’ ಎಂದರು. ಪೊಟ್ಟಣದ ಮೇಲೆ ಬರೆದೆ: 75 ಟಂಚ್, ನಿಕಲ್ ಇದೆ, ಆಭರಣಕ್ಕಲ್ಲ. ಜಾಬ್ ಕಾರ್ಡಿಗೆ ಟಂಚ್ ಕಾಲಂ ಬೇಕೆಂದು ಅದೇ ದಿನ ಕೇಳಿದ್ದೆ. ಹಳೆಯ ಪುಸ್ತಕ ಮುಗಿಯಲಿ ಎಂದಿದ್ದಾರೆ. ಇನ್ನೂ ನಾಲ್ಕು ಪುಸ್ತಕ ಇವೆ.